ತಮ್ಮ ಹಾಕಿದ ಸಹಿ

ಹೊಸದುರ್ಗದ ಬಸ್‌ಸ್ಟ್ಯಾಂಡ್ ಹಿಂದೆ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಶಿವಗಂಗಾಳಿಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಶ್ರೀರಾಂಪುರದ ಕಡೆಯಿಂದ ಬರುವ ಓದುಬಾರದ ಮುದುಕಿಯರಿಗೆ ಗುಳಿಗೆ ಪೊಟ್ಟಣದ ಮೇಲೆ ಹಗಲಿಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು ಕೊಡುತ್ತಿದ್ದಳು. ಡಾಕ್ಟರ ಚೀಟಿಯಿಲ್ಲದೆ ನಿದ್ದೆಗುಳಿಗೆ ಕೇಳಿದರೆ ಎಂಥ ಪರಿಚಯದವರಿಗೂ ಇಲ್ಲ ಎನ್ನುತ್ತಿದ್ದಳು.

ಅವಳು ಮಧ್ಯಾಹ್ನ ಊಟಕ್ಕೆ ಹೋದಾಗ ಅಂಗಡಿಯಲ್ಲಿ ಕೂರುತ್ತಿದ್ದವನು ತಮ್ಮ ಹಾಲೇಶ. ಅಪ್ಪ ತೀರಿಕೊಂಡ ಮೇಲೆ ಅವನನ್ನು ಓದಿಸಿದ್ದು ಅವಳೇ. ಅವನದೊಂದು ದಾರಿಯಾಗಲಿ ಎಂದು ತನ್ನ ಮದುವೆಯ ಮಾತನ್ನೂ ಮುಂದೆ ಮುಂದೆ ಹಾಕುತ್ತ ಬಂದಿದ್ದಳು.

ಒಂದು ಬೆಳಿಗ್ಗೆ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವ ಹನುಮಮ್ಮ ಬಂದು ಖಾಲಿ ಗುಳಿಗೆ ಹಾಳೆಯೊಂದನ್ನು ಮುಂದಿಟ್ಟಳು.

"ಇದು ಯಾತರ ಗುಳಿಗೆ ಶಿವಗಂಗಕ್ಕ?"

"ನೋವಿಂದು. ದೊಡ್ಡ ಆಪರೇಷನ್ ಆದೋರಿಗೆ ಕೊಡೋದು. ಯಾರಿಗೇನಾಗೈತೆ?"

"ನನ್ನ ಮಗ ಕಿರಣನ ಹಾಸಿಗಿ ಕೆಳಗೆ ಇಂಥವು ಬೊಗಸೆತುಂಬ ಸಿಕ್ಕವು. ಕಾಲೇಜಿಗೆ ಹೋಗಿ ತಿಂಗಳಾತು. ಗುಳಿಗೆ ಸಿಗದ ದಿನ ಗಡಗಡ ನಡುಗ್ತಾನೆ, ಮೊನ್ನೆ ನನ್ನ ಮ್ಯಾಲೇ ಕೈ ಮಾಡಿದ. ಎಲ್ಲಿ ತರ್ತೀಯ ಅಂದ್ರೆ ನಿಮ್ಮ ಅಂಗಡಿ ಹೆಸರು ಹೇಳ್ದ."

"ಸುಳ್ಳು ಹೇಳ್ಯಾನೆ."

"ನೀವು ಊಟಕ್ಕೋದ ಮ್ಯಾಲೆ ಹುಡುಗ್ರು ಇಲ್ಲಿಗೆ ಬರ್ತಾರಂತಕ್ಕ."

ಅಂದು ಮಧ್ಯಾಹ್ನ ಶಿವಗಂಗಾ ಎಂದಿನಂತೆ ಹೊರಟವಳು ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಳು. ಕಾಲೇಜು ಬ್ಯಾಗಿನ ಮೂವರು ಬಂದರು. ಅವರು ಏನೂ ಕೇಳಲಿಲ್ಲ, ಹಾಲೇಶನೂ ಏನೂ ಹೇಳಲಿಲ್ಲ. ಮಕ್ಕಳ ಹಾಲಿನಪುಡಿ ಡಬ್ಬಿಗಳ ಹಿಂದೆ ಕೈಹಾಕಿ ತೆಗೆದುಕೊಟ್ಟ.

ಅವಳು ರಸ್ತೆ ದಾಟಿ ಒಳಗೆ ಬಂದು ಆ ಡಬ್ಬಿಗಳನ್ನು ಸರಿಸಿದಳು. ಗುಳಿಗೆಗಳ ಜೊತೆ, ಕದ್ದು ಮಾರಿದ್ದಕ್ಕೆ ಲೆಕ್ಕ ತೋರಿಸಲು ಇಟ್ಟ ಒಂದು ಕಟ್ಟು ಡಾಕ್ಟರ ಚೀಟಿ. ಎಲ್ಲ ಹಳೆಯ ರೋಗಿಗಳವು, ಅವರಲ್ಲಿ ಇಬ್ಬರು ಸತ್ತೇ ಹೋಗಿದ್ದರು. ಪ್ರತಿ ಚೀಟಿಯ ಹಿಂದೆಯೂ ಔಷಧಿ ಕೊಟ್ಟವರ ಸಹಿ: ಶಿವಗಂಗಾ. 'ಶಿ'ಯ ಗುಡಿಸಿನ ತಿರುವೂ ಅವಳದೇ.

"ನಾನು ಕೊಡದಿದ್ರೆ ಇನ್ನೊಬ್ಬ ಕೊಡ್ತಾನಕ್ಕ," ಎಂದ ಹಾಲೇಶ.

"ಕೊಡ್ಲಿ. ನನ್ನ ಹೆಸರು ಯಾಕೋ ಬರೆದೆ?"

ಅವನು ನೆಲ ನೋಡಿದ. "ನಿನ್ನ ಸಹಿ ಇದ್ರೆ ಯಾರೂ ಅನುಮಾನ ಪಡಲ್ಲ."

ಸಂಜೆಯೊಳಗೆ ಅವಳೇ ಚಿತ್ರದುರ್ಗಕ್ಕೆ ಹೋಗಿ ಔಷಧ ನಿಯಂತ್ರಣದ ಅಧಿಕಾರಿಗೆ ಆ ಕಟ್ಟು ಒಪ್ಪಿಸಿದಳು. ಪೊಲೀಸರು ಹಾಲೇಶನನ್ನು ಕರೆದೊಯ್ದರು, ಅಂಗಡಿಯ ಲೈಸೆನ್ಸ್ ರದ್ದಾಯಿತು. "ಒಡಹುಟ್ಟಿದೋನ್ನ ಹಿಡಿದುಕೊಟ್ಟೆಯಲ್ಲೇ," ಎಂದು ಅವ್ವ ಬೊಮ್ಮಕ್ಕ ಮಾತು ಬಿಟ್ಟಳು. ಅಕ್ಕ ತಮ್ಮ ಕೂಡಿಯೇ ಮಾಡಿದ್ದು ಎಂದವರೂ ಇದ್ದರು. ಕಿರಣ ಚಟ ಬಿಡಿಸುವ ಕೇಂದ್ರಕ್ಕೆ ಹೋಗಿ ಬಂದ, ಮತ್ತೆ ತಪ್ಪಿದ, ಈಗ ಎರಡನೇ ಸಲ ಅಲ್ಲಿದ್ದಾನೆ. ದಾರಿಯಲ್ಲಿ ಸಿಕ್ಕರೆ ಹನುಮಮ್ಮ ಮುಖ ತಿರುಗಿಸುತ್ತಾಳೆ.

ಜಾಮೀನಿನ ಮೇಲೆ ಬಂದ ಹಾಲೇಶ ಅವ್ವನ ಮನೆಯಲ್ಲಿದ್ದಾನೆ. ಶಿವಗಂಗಾ ಹೊಳಲ್ಕೆರೆಯಲ್ಲಿ ಪಂಚಾಕ್ಷರಪ್ಪನವರ ಔಷಧಿ ಅಂಗಡಿಗೆ ಕೆಲಸಕ್ಕೆ ಸೇರಿದಳು. ಮೊದಲ ದಿನವೇ ಅವರು ನೋವಿನ, ನಿದ್ದೆಯ ಗುಳಿಗೆಗಳ ಬೀರು ತೋರಿಸಿ, "ತಪ್ಪು ತಿಳ್ಕಬ್ಯಾಡಮ್ಮ, ಇದರ ಕೀಲಿ ನನ್ನತ್ರಾನೇ ಇರ್ಲಿ," ಎಂದರು.

"ಇರ್ಲಿ ಬಿಡ್ರಿ," ಎಂದಳು ಶಿವಗಂಗಾ.