ಗಾಳ ಕೀಳುತ್ತಿದ್ದ ಜೋಗಪ್ಪ

ಹಂಪಸಾಗರದ ಹಿನ್ನೀರಿನ ದಂಡೆಯಲ್ಲಿ ಯಾರ ಕೈಗೆ ಮೀನಿನ ಗಾಳ ಚುಚ್ಚಿದರೂ ಓಡುತ್ತಿದ್ದುದು ಮೀನುಗಾರ ಜೋಗಪ್ಪನ ಹತ್ತಿರ. ಅಂಜಿನಕ್ಕನ ಚಹಾದಂಗಡಿ, ಅಂದರೆ ನನ್ನದೇ, ಅದರ ಬೆಂಚೇ ಅವನ ದವಾಖಾನೆ. ಮೊದಲು ಬೈಗುಳ, ಆಮೇಲೆ ಚಿಕಿತ್ಸೆ.

"ಗಾಳ ಟವಲ್ಲಿಗೆ ಸಿಗಿಸಬ್ಯಾಡ್ರಲೇ, ಜ್ವಾಳದ ದಂಟಿನ ಬೆಂಡಿಗೆ ಸಿಗಿಸ್ರಿ ಅಂತ ಎಷ್ಟು ಬಡ್ಕೊಬೇಕು? ಬೆವರು ಒರೆಸ್ಕೊಳ್ಳಾಕ ಹೋಗಿ ಕಣ್ಣು ಕಳಕೊಂತೀರಿ!"

ಬೈಯುತ್ತಲೇ ಗಾಳ ಬಾಗಿದ ಕಡೆ ದಾರ ಸುತ್ತಿ, ಹೊರಗುಳಿದ ಗಾಳದ ಕಡ್ಡಿಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಒಂದೇ ಏಟಿಗೆ ಜಗ್ಗುತ್ತಿದ್ದ. ಒತ್ತಿದರೆ ಒಳಗೆ ಸಿಕ್ಕಿಕೊಂಡ ಗಾಳದ ತುದಿಯ ಹಿಮ್ಮುಖ ಮುಳ್ಳು ಮಾಂಸ ಬಿಡುತ್ತದೆ. ಕಣ್ಣಿನ ಹತ್ತಿರ ಚುಚ್ಚಿದ್ದರೆ ಮಾತ್ರ ಮುಟ್ಟುತ್ತಿರಲಿಲ್ಲ, ಸೀದಾ ದೊಡ್ಡ ದವಾಖಾನೆಗೆಂದು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿಸುತ್ತಿದ್ದ.

ಹೆಂಡತಿ ಹುಲುಗಮ್ಮ ಸತ್ತ ಮೇಲೆ ಬೈಯುವಾಗಷ್ಟೇ ಅವನ ಬಾಯಿ ಬಿಚ್ಚುತ್ತಿತ್ತು. ಮಕ್ಕಳಿರಲಿಲ್ಲ. ಚಹಾ ಕುಡಿದು, ನೀರು ನೋಡುತ್ತ ಕೂತು, ಎದ್ದು ಹೋಗುವನು. ನಾನೂ ಮಾತಾಡಿಸುತ್ತಿರಲಿಲ್ಲ. ಸುಳ್ಳೇಕೆ, ಆ ಗಂಟುಮೋರೆ ನೋಡಿದರೆ ನನಗೆ ಸಿಟ್ಟೇ ಬರುತ್ತಿತ್ತು.

2003ರ ಬೇಸಿಗೆಯ ಒಂದು ಸಂಜೆ ಅವನು ಲೋಟವನ್ನು ಎಡಗೈಯಲ್ಲಿ ಹಿಡಿದ. ಬಲಗೈ ಟವಲ್ಲಿನೊಳಗಿತ್ತು. ಅನುಮಾನ ಬಂದು ಸರಿಸಿ ನೋಡಿದೆ. ಅಯ್ಯೋ ಶಿವನೇ! ಹೆಬ್ಬೆರಳಿನ ಬುಡದಲ್ಲಿ ಗಾಳ, ಸುತ್ತಲೂ ಕೆಂಪಗೆ ಬಾವು.

"ಯಾವಾಗ ಚುಚ್ಚಿದ್ದು?"

"ಮುಂಜಾನಿ. ಟವಲ್ಲಿಗೆ ಸಿಗಿಸಿದ್ದು ಮರ್ತಿದ್ದೆ. ಒತ್ತಾಕೊಂದು ಕೈ ಬೇಕು, ಜಗ್ಗಾಕೊಂದು ಕೈ ಬೇಕು ತಂಗಿ. ನನಗ ಉಳಿದಿದ್ದು ಒಂದ ಕೈ."

"ಯಾರನ್ನಾರ ಕರೀಬೇಕಿಲ್ಲೇನು?"

"ಊರಿಗೆಲ್ಲ ಬೈದಾಂವ ನಾನು. ಯಾವ ಮಕ ಇಟ್ಕೊಂಡು ಕರೀಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. "ಕೀವಾಗಿ ಕೈ ಹೋದ್ರ ನೀರಿಗೆ ಮೀನಿನ ಬಲಿ ಬಿಡೋರು ಯಾರು, ನಿನಗ ಉಣ್ಣಾಕ ಇಕ್ಕೋರು ಯಾರು?"

"ಮುಂಜಾನಿಂದ ಅದನ್ನ ಯೋಚನಿ ಮಾಡ್ಕೊಂತ ಕುಂತೀನಿ," ಅಂದ.

ಸೋಪು ಹಚ್ಚಿ ಕೈ ತೊಳೆದೆ, ಅವನ ಕೈಯನ್ನೂ ತೊಳೆದೆ. ದಾರ ಸುತ್ತಿದೆ. ಅವನು ಹೇಳಿಕೊಡತೊಡಗಿದ.

"ಒತ್ತು. ಇನ್ನೂ ಒತ್ತು. ಕಣ್ಣು ಮುಚ್ಚಬ್ಯಾಡ! ಈಗ ಜಗ್ಗು."

ಜಗ್ಗಿದೆ. ಗಾಳ ಹಾರಿ ಬೆಂಚಿನಾಚೆ ಬಿತ್ತು. ರಕ್ತ ಬಂತು. ಮತ್ತೆ ತೊಳೆದು, ಒಗೆದ ಅರಿವೆ ಇಟ್ಟು ಎರಡೂ ಕೈಯಿಂದ ಒತ್ತಿ ಹಿಡಿದೆ. ನಾಳೆ ದವಾಖಾನೆಗೆ ಹೋಗಿ ಧನುರ್ವಾಯುವಿನ ಸೂಜಿ ಮಾಡಿಸಿಕೋ ಅಂತ ಹೇಳುತ್ತಾ ಮುಖ ನೋಡಿದರೆ, ಜೋಗಪ್ಪ ಅಳುತ್ತಿದ್ದ.

"ಅಷ್ಟು ನೋವಾತೇನಣ್ಣ?" ಗಾಬರಿಯಾಗಿ ಹಿಡಿತ ಸಡಿಲಿಸಿದೆ.

"ಬಿಡಬ್ಯಾಡ ತಂಗಿ," ಅಂದ. "ಆಕಿ ಹೋದ ಮ್ಯಾಲ ಯಾರೂ ನನ್ನ ಕೈ ಹಿಡಿದಿಲ್ಲ."

ರಕ್ತ ಆಗಲೇ ನಿಂತಿತ್ತು. ನಾನು ಹಿಡಿದುಕೊಂಡೇ ಕೂತೆ.