ಎತ್ತಿದವಳೇ ಇಳಿಸಬೇಕು

ಬೆಳಗಿನ ಐದೂವರೆ. ಆಸ್ಪತ್ರೆಯ ಮೂರನೇ ಮಹಡಿಯ ವಾರ್ಡಿನಲ್ಲಿ ಆಕೆ ಸ್ಟ್ರೆಚರನ್ನು ಮಂಚದ ಪಕ್ಕ ನಿಲ್ಲಿಸಿ, ಚಕ್ರದ ಲಾಕನ್ನು ಕಾಲಿನಿಂದ ಒತ್ತಿ, ಒಮ್ಮೆ ಅಲ್ಲಾಡಿಸಿ ನೋಡುತ್ತಾಳೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿರುವ ಹಿರಿಯರು, "ಬೀಳಿಸಿಬಿಟ್ಟೀಯಮ್ಮಾ" ಎಂದು ಗೊಣಗುತ್ತಾರೆ.

"ಇವತ್ತಿನವರೆಗೆ ಯಾರನ್ನೂ ಬೀಳಿಸಿಲ್ಲ ಅಜ್ಜಾ. ನಿಮ್ಮಿಂದ್ಲೇ ಶುರು ಮಾಡ್ತೀನಾ?" ಎಂದು ನಕ್ಕು, ಮಂಡಿ ಬಗ್ಗಿಸಿ, ಮೂರು ಎಣಿಸುತ್ತಾಳೆ. ಮೂರಕ್ಕೆ ಅಜ್ಜ ಸ್ಟ್ರೆಚರಿನ ಮೇಲಿದ್ದಾರೆ. ಅವರ ಗೊಣಗಾಟ ಇನ್ನೂ ಮಂಚದ ಮೇಲೇ ಇದೆ.

ಈ ಕೈಗಳನ್ನು ನೀವು ಪತ್ರಿಕೆಯಲ್ಲಿ ನೋಡಿರಬಹುದು, ಮುಖ ನೋಡಿರಲಾರಿರಿ. ಇಪ್ಪತ್ತೆರಡು ವರ್ಷದ ಈ ವಾರ್ಡ್ ಸಹಾಯಕಿ ದೇಶದ ಮಹಿಳಾ ರಗ್ಬಿ ತಂಡಕ್ಕೆ ಹತ್ತೊಂಬತ್ತು ಅಂತರರಾಷ್ಟ್ರೀಯ ಪಂದ್ಯ ಆಡಿದ್ದಾಳೆ. ತಂಡದಲ್ಲಿ ಎಲ್ಲರಿಗೂ ಇವಳು 'ಜಾಕ್'. ಲಾರಿಯ ಚಕ್ರ ಬದಲಿಸುವಾಗ ಅಡಿಗೆ ಕೊಡುತ್ತಾರಲ್ಲ, ಅದೇ. ಮೊಟ್ಟೆಯಾಕಾರದ ಚೆಂಡು ಅಂಕಣದ ಹೊರಗೆ ಹೋದಾಗ ಎರಡೂ ತಂಡಗಳು ಸಾಲಾಗಿ ನಿಲ್ಲುತ್ತವೆ. ಗೆರೆಯಾಚೆಯಿಂದ ಚೆಂಡು ಎಸೆದೊಡನೆ ಒಬ್ಬಳು ಹಾರುತ್ತಾಳೆ, ಇಬ್ಬರು ಅವಳನ್ನು ತಲೆಗಿಂತ ಮೇಲೆ ಎತ್ತಿ ಹಿಡಿಯುತ್ತಾರೆ. ಚೆಂಡು ಹಿಡಿದವಳಿಗೆ ಚಪ್ಪಾಳೆ, ಎತ್ತಿದವಳಿಗೆ ಬೆನ್ನುನೋವು.

"ನೀವು ಎಪ್ಪತ್ತೆರಡು ಕೆಜಿ ಅಲ್ವಾ ಮೇಡಂ?" ಕಾರಿಡಾರಿನಲ್ಲಿ, ಪತ್ರಿಕೆಗೆ ಬರೆಯಲು ಬಂದ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಕೇಳುತ್ತಾಳೆ. ನನ್ನ ಗಂಡನಿಗೂ ಹೇಳದ ಗುಟ್ಟು ಇವಳ ಕಣ್ಣಳತೆಗೆ ಸಿಕ್ಕಿಬಿದ್ದಿದೆ.

ಒಂದು ಪಾಳಿಯಲ್ಲಿ ಸುಮಾರು ನಲವತ್ತು ಸಲ ರೋಗಿಗಳನ್ನು ಎತ್ತುತ್ತಾಳೆ. ಮಧ್ಯಾಹ್ನದ ಅಭ್ಯಾಸದಲ್ಲಿ ಇನ್ನೂ ಅರವತ್ತು. ಈ ವಿದ್ಯೆ ಕಲಿಸಿದ್ದು ಅಜ್ಜಿ. ಇವಳು ಹದಿಮೂರರ ಹುಡುಗಿಯಾಗಿದ್ದಾಗ, ಸಾಕಿದ ಅಜ್ಜಿ ಒಂದು ವರ್ಷ ಹಾಸಿಗೆ ಹಿಡಿದರು. "ಎತ್ತೋವಾಗ ಅಜ್ಜಿ ಹೆದರ್ತಿರಲಿಲ್ಲ, ಇಳಿಸೋವಾಗ ಹೆದರ್ತಿದ್ರು. ಆಗ್ಲೇ ಗೊತ್ತಾಯ್ತು ಯಾವುದು ಕಷ್ಟ ಅಂತ."

ಅಜ್ಜಿ ಈಗ ಗಟ್ಟಿಮುಟ್ಟಾಗಿದ್ದಾರೆ. ಸೈಕಲ್ ಅಂಗಡಿಯ ಮೇಲಿನ ಒಂಟಿ ಕೋಣೆಯ ಮನೆಯಲ್ಲಿ ಪತ್ರಿಕೆಯ ಫೋಟೋಗಳನ್ನೆಲ್ಲ ಹಳೇ ನೋಟ್‌ಬುಕ್ಕಿಗೆ ಅಂಟಿಸಿಟ್ಟಿದ್ದಾರೆ. ಎಲ್ಲದರಲ್ಲೂ ಆಕಾಶದಲ್ಲಿ ಚೆಂಡು ಹಿಡಿದ ಉದ್ದನೆಯ ಹುಡುಗಿ, ತಂಡದವರ ಬಾಯಲ್ಲಿ 'ಏಣಿ'. ಫೋಟೋದ ಕೆಳ ಅಂಚಿನಲ್ಲಿ ಅವಳ ತೊಡೆ ಹಿಡಿದ, ಟೇಪು ಸುತ್ತಿದ ನಾಲ್ಕು ಬೆರಳು. ಅವುಗಳ ಸುತ್ತ ಅಜ್ಜಿ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದಾರೆ. "ಇದು ನಮ್ಮ ಹುಡುಗಿ" ಎಂದು ನನಗೆ ಬೆರಳುಗಳ ಪರಿಚಯ ಮಾಡಿಸುತ್ತಾರೆ.

ಹೋದ ವರ್ಷದ ಕೊನೆಯ ಪಂದ್ಯದ ಫೋಟೋ ಮಾತ್ರ ಆ ಪುಸ್ತಕದಲ್ಲಿಲ್ಲ. ಎರಡು ನಿಮಿಷ ಬಾಕಿ, ಮೂರು ಅಂಕದ ಮುನ್ನಡೆ, ನಮ್ಮದೇ ಗೆರೆಯ ಹತ್ತಿರ ಸಾಲು. ಏಣಿಯ ಬೆರಳಿನಿಂದ ಚೆಂಡು ಜಾರಿ ಜಾಕ್‌ಳ ಕಾಲ ಬುಡಕ್ಕೇ ಬಿತ್ತು. ಜೊತೆಗೆ ಎತ್ತಿದ್ದವಳು ಕೈಬಿಟ್ಟು ಚೆಂಡಿಗೆ ಧಾವಿಸಿದಳು, ಮೇಲಿದ್ದ ಏಣಿ ತಲೆಕೆಳಗಾಗಿ ವಾಲಿದಳು. ಜಾಕ್ ಚೆಂಡಿನತ್ತ ನೋಡಲೂ ಇಲ್ಲ. ಒಬ್ಬಳೇ ಭಾರ ತಡೆದು ಏಣಿಯನ್ನು ಕಾಲ ಮೇಲೆ ನಿಲ್ಲಿಸುವಷ್ಟರಲ್ಲಿ ಎದುರಾಳಿ ಚೆಂಡು ಕಸಿದು ಗೆರೆ ದಾಟಿ ಐದು ಅಂಕ ಗಳಿಸಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 'ನಿಂತು ನೋಡಿದವಳು' ಎಂದು ನಮ್ಮ ಪತ್ರಿಕೆಯೂ ಬರೆಯಿತು. ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಆಮೇಲಿನ ಎರಡು ತಂಡದ ಪಟ್ಟಿಗಳಲ್ಲಿ ಅವಳಿಗೆ ಜಾಗವಿರಲಿಲ್ಲ.

"ಅವಳ ಕೈ ಇಲ್ಲದಿದ್ರೆ ನಾನು ಪೂರ್ತಿ ಹಾರಲ್ಲ" ಎಂದು ಏಣಿ ಫೋನಿನಲ್ಲಿ ನನಗೆ ಹೇಳುತ್ತಾಳೆ. "ಹಾರೋಕೆ ಹೋದ್ರೂ ಮೈ ಬರಲ್ಲ. ಕತ್ತು ಮುರಿದ್ರೆ ಚೆಂಡು ತಗೊಂಡು ಏನ್ಮಾಡ್ಲಿ?"

ಕಳೆದ ವಾರ ಮತ್ತೆ ಆಯ್ಕೆಯ ಪರೀಕ್ಷೆ. ಈ ಸಲವೂ ಆಗದಿದ್ದರೆ ಮುಂದಿನ ಕರೆ ಬರುವುದಿಲ್ಲವೆಂದು ಮೊದಲೇ ತಿಳಿಸಿದ್ದರು. ಕೊನೆಯಲ್ಲಿ ಕೋಚ್ ಒಂದೇ ಪ್ರಶ್ನೆ ಕೇಳಿದರು: ಅದೇ ಸಂದರ್ಭ ಮತ್ತೆ ಬಂದರೆ? ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು.

"ಮೊದ್ಲು ಇಳಿಸ್ತೀನಿ ಸಾರ್, ಆಮೇಲೆ ಓಡ್ತೀನಿ ಅಂದೆ. ಅವರು ಬರ್ಕೊಂಡ್ರು. ಇವತ್ತು ಒಂಬತ್ತರೊಳಗೆ ಫೋನ್ ಮಾಡ್ತಾರಂತೆ."

ಒಂಬತ್ತಾಗಲು ಐದು ನಿಮಿಷ. ಎಕ್ಸ್‌ರೇ ಮುಗಿಸಿ ಬಂದ ಅಜ್ಜನನ್ನು ಸ್ಟ್ರೆಚರಿನಿಂದ ಎತ್ತಿದ್ದಾಳೆ, ಜೇಬಿನಲ್ಲಿ ಫೋನ್ ರಿಂಗಾಗುತ್ತದೆ. "ತಗೋಳಮ್ಮಾ!" ಎಂದು ಅಜ್ಜನೇ ಅವಳ ತೋಳಿನಲ್ಲಿದ್ದುಕೊಂಡು ಕೂಗುತ್ತಾರೆ. ಅವಳು ಅಜ್ಜನನ್ನು ಹಾಸಿಗೆಗೆ ಇಳಿಸಿ, ಪ್ಲಾಸ್ಟರಿನ ಕಾಲಿನಡಿ ದಿಂಬು ಕೊಟ್ಟು, ಹೊದಿಕೆ ಎಳೆಯುವ ಹೊತ್ತಿಗೆ ರಿಂಗ್ ನಿಂತಿರುತ್ತದೆ.

ಕೈ ಒರೆಸಿಕೊಂಡು ಅವಳೇ ಫೋನ್ ಮಾಡುತ್ತಾಳೆ. "ಹೂಂ ಸಾರ್... ಡ್ಯೂಟಿಲಿದ್ದೆ ಸಾರ್... ಒಬ್ಬರನ್ನ ಇಳಿಸ್ತಿದ್ದೆ." ಆಚೆಯಿಂದ ಕೋಚ್ ನಗುವುದು ನನಗೂ ಕೇಳಿಸುತ್ತದೆ.

"ತಂಡದಲ್ಲಿ ಇದ್ದೀನಂತೆ" ಎನ್ನುತ್ತಾಳೆ ಫೋನ್ ಇಟ್ಟು. ಕಣ್ಣು ತುಂಬಿದೆ. ಏನಾಸೆ ಇದೆ ಎಂದು ಕೇಳಿದರೆ, ಖಾಲಿ ಸ್ಟ್ರೆಚರಿನ ಲಾಕ್ ತೆಗೆಯುತ್ತ ನನ್ನತ್ತ ತಿರುಗುತ್ತಾಳೆ.

"ನಿಮ್ಮ ಫೋಟೋದವರಿಗೆ ಒಂದ್ಮಾತು ಹೇಳಿ ಮೇಡಂ. ಈ ಸಲ ಇಳಿಸೋವಾಗ ತೆಗೀಲಿ, ಮುಖಾನೂ ಬರುತ್ತೆ. ಅಜ್ಜಿಗೆ ಕೆಂಪು ಪೆನ್ನು ಬೇಕಾಗಲ್ಲ."