ಮೇಡಂ ಮಾಡಿದ ವೈರಸ್ ಪಾಠ

ನಮ್ಮ ಜೀವಶಾಸ್ತ್ರದ ಮೇಡಂ ಡಸ್ಟರ್ ಮುಟ್ಟುತ್ತಿರಲಿಲ್ಲ. ಬೋರ್ಡನ್ನು ಅಂಗೈಯಲ್ಲೇ ಒರೆಸುವರು. ಪಾಠ ಮುಗಿಯುವಷ್ಟರಲ್ಲಿ ಬಲಗೈಗೆ ಮಣಿಕಟ್ಟಿನವರೆಗೆ ನೀಲಿ, ಹಸಿರು ಚಾಕ್‌ಪುಡಿ. ಅದೇ ಕೈಯಲ್ಲಿ ಛತ್ರಿ ಎತ್ತಿಕೊಂಡು ಹಳದೀಪುರದ ಬಸ್ಸಿಗೆ ಹೊರಡುವರು. ಚಿತ್ರ ಬರೆಯದೆ ಕೂತವರನ್ನು ಕಂಡರೆ, "ಎಂತ, ಕೈಗೆ ಮೆಹಂದಿ ಹಚ್ಕಂಡಿದ್ಯಾ?" ಎಂದು ನಗುತ್ತಿದ್ದರು. ಆಗ ನಗುತ್ತಿದ್ದರು.

ನಾನು ಹೊನ್ನಾವರದಲ್ಲಿ ಪಿಯುಸಿ ಓದುವಾಗ ಕೊರೊನಾ ಬಂತು. ಕಾಲೇಜು ಮುಚ್ಚಿತು, ಮೇಡಂ ಅವರನ್ನು ಮನೆಮನೆ ಸರ್ವೆಗೆ ಹಾಕಿದರು. ಅವರಿಗೆ ಸಣ್ಣ ಜ್ವರ ಬಂದು ಹೋಯಿತು. ಆಮೇಲೆ ಗಂಡನಿಗೆ ಬಂತು. ಗಂಡ ಆಸ್ಪತ್ರೆಯಿಂದ ವಾಪಸಾಗಲಿಲ್ಲ. ದೇಹವನ್ನೂ ಮನೆಗೆ ತರಲಿಲ್ಲ. ಮೇಡಂ ಅವರ ಅತ್ತೆ ಅಂಗಳದಲ್ಲಿ ನಿಂತು, ಸೊಸೆಯತ್ತ ಕೈ ತೋರಿಸಿ, ಬೇಲಿಯಾಚೆಗೂ ಕೇಳುವಂತೆ, "ಇದು ಊರೆಲ್ಲ ತಿರುಗಿ ಹೊತ್ಕಂಡು ಬಂತು, ನನ್ನ ಮಗನ್ನ ತೆಗೀತು" ಎಂದರಂತೆ. ಹಳದೀಪುರದವಳೇ ಆದ ನನ್ನ ಗೆಳತಿ ಹೇಳಿದ್ದು.

ಕಾಲೇಜು ಮತ್ತೆ ತೆರೆದಾಗ ವೈರಸ್ ಪಾಠ ಬಾಕಿ ಇತ್ತು. ಗೆಳತಿ ಎದ್ದು, "ಮೇಡಂ, ಅದನ್ನ ನಾವೇ ಓದ್ಕಳ್ತೇವೆ" ಎಂದಳು.

"ಪರೀಕ್ಷೆಗೆ ಬತ್ತದೆ. ಕೂತ್ಕೊ."

ಒಳಗೊಂದು ಎಳೆ, ಸುತ್ತ ಪ್ರೋಟೀನು, ಮೇಲೆ ಕೊಬ್ಬಿನ ಹೊದಿಕೆ, ಹೊದಿಕೆಯ ತುಂಬ ಮುಳ್ಳು. ಮೇಡಂ ಬೋರ್ಡಿನ ಮೇಲೆ ಬರೆಯುತ್ತ ಹೋದರು. "ಈ ಹೊದಿಕೆ ವೈರಸ್ಸಿನದ್ದಲ್ಲ, ಹಿಂದೆ ಹೊಕ್ಕು ಬಂದ ಕೋಶದ್ದು. ಅದು ಉಣ್ಣೂದಿಲ್ಲ, ಉಸಿರಾಡೂದಿಲ್ಲ, ಅದಕ್ಕೆ ಸಿಟ್ಟೂ ಇಲ್ಲ. ಮುಳ್ಳು ಕೂರುವ ಜಾಗ ಕೋಶದ ಮೇಲೇ ಇರ್ತದೆ, ಬೇರೆ ಕೆಲಸಕ್ಕೆ ಇರೂದು. ಅಲ್ಲಿ ಕೂತ್ರೆ ಕೋಶವೇ ಒಳಗೆ ತಕಳ್ತದೆ. ಮತ್ತೆ ತನ್ನ ಕೆಲಸ ಬಿಟ್ಟು ಅದರ ನಕಲು ಮಾಡ್ತಾ ಇರ್ತದೆ."

ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಹಂಗಾರೆ ತಪ್ಪು ಕೋಶದ್ದೇ ಅಲ್ದಾ ಮೇಡಂ, ಒಳಗೆ ಬಿಟ್ಟದ್ದು?"

ಗೆಳತಿ ನನ್ನ ಕೈ ಹಿಡಿದಳು. ಮೇಡಂ ಬೋರ್ಡಿನ ಕಡೆಗೇ ಮುಖ ಮಾಡಿ ನಿಂತಿದ್ದರು.

"ಅಲ್ಲ" ಎಂದರು. ಚಾಕ್ ಎತ್ತಿಕೊಂಡು, "ಕೋಶಕ್ಕೆ ಗೊತ್ತಾಗೂದಿಲ್ಲ. ಬರ್ಕಳಿ."

ಕಳೆದ ಮಳೆಗಾಲದಲ್ಲಿ ಹೃದಯಾಘಾತವಾಗಿ ಮೇಡಂ ಹೋದರೆಂಬ ಸುದ್ದಿ ಬಂದಾಗ ನಾನು ಕುಮಟಾದ ಲ್ಯಾಬಿನಲ್ಲಿ ಕೆಲಸದಲ್ಲಿದ್ದೆ. ಈ ಕೆಲಸಕ್ಕೆ ನಾನು ಬಂದದ್ದೇ ಅವರ ಪಾಠ ಕೇಳಿ. ಎದುರಿಗಿದ್ದ ರಕ್ತದ ಸ್ಯಾಂಪಲ್‌ಗಳನ್ನೆಲ್ಲ ಮುಗಿಸಿ ಬಸ್ಸು ಹತ್ತಿದೆ. ದಾರಿಯಲ್ಲೂ ಏನೂ ಅನ್ನಿಸಲಿಲ್ಲ.

ಹಳದೀಪುರದಲ್ಲಿ ಎಲ್ಲ ಮುಗಿದಿತ್ತು. ಜಗಲಿಯ ಮೇಲೆ ಅತ್ತೆ ಒಬ್ಬರೇ ಇದ್ದರು. ಇಷ್ಟು ವರ್ಷ ಇಬ್ಬರೂ ಅದೇ ಮನೆಯಲ್ಲಿ ಒಂದೇ ಒಲೆಯ ಅನ್ನ ಉಂಡವರು.

"ಎಂತ ಆಗ್ಬೇಕು ನಿಂಗೆ ಅದು?"

"ನಂಗೆ ಪಾಠ ಮಾಡಿದವರು, ಅಜ್ಜಿ."

ಅವರು ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. "ನನ್ನ ಮಗ ಹೋದ್ಮೇಲೆ, ಕಾಲೇಜಲ್ಲಿ ಅಳ್ತಿತ್ತಾ ಅದು?"

"ಇಲ್ಲ."

"ಇಲ್ಲೂ ಅಳ್ಲಿಲ್ಲ" ಎಂದರು. "ಅಳೂಕೆ ಎಲ್ಲಿಗೆ ಹೋಗ್ತಿತ್ತೇನ."